ಶೆವಲೀನ್: ನೂರು ಕೋಟಿ ಪೌಂಡಿನ ಗುಟ್ಟು

1980ರ ಜನವರಿ 24ರಂದು ಬ್ರಿಟನ್ನಿನ ರಕ್ಷಣಾ ಸಚಿವ ಫ್ರಾನ್ಸಿಸ್ ಪಿಮ್ ಹೌಸ್ ಆಫ್ ಕಾಮನ್ಸ್‌ನಲ್ಲಿ ‘ಶೆವಲೀನ್’ ಎಂಬ ಯೋಜನೆಯ ವಿಷಯ ತಿಳಿಸಿದರು. ವರ್ಷಗಳಿಂದ ನಡೆಯುತ್ತಿದ್ದ ಅದರ ವೆಚ್ಚ ಸುಮಾರು 100 ಕೋಟಿ ಪೌಂಡ್. ಇಷ್ಟು ಹಣಕ್ಕೆ ಮಂಜೂರಾತಿ ಕೊಟ್ಟಿದ್ದ ಸದನಕ್ಕೆ, ತಾನು ಏನನ್ನು ಮಂಜೂರು ಮಾಡಿದ್ದೆ ಎಂಬುದು ಗೊತ್ತಾದದ್ದು ಅಂದು.

ಬ್ರಿಟನ್ನಿನ ಅಣ್ವಸ್ತ್ರಗಳು ಆಗ ನಾಲ್ಕು ಜಲಾಂತರ್ಗಾಮಿಗಳ ಪೊಲಾರಿಸ್ ಕ್ಷಿಪಣಿಗಳಲ್ಲಿದ್ದವು. ಮಾಸ್ಕೋ ಸುತ್ತ ಸೋವಿಯತ್ ಒಕ್ಕೂಟ ಕ್ಷಿಪಣಿ ತಡೆ ವ್ಯವಸ್ಥೆ ಕಟ್ಟಿದ ಮೇಲೆ, ಅದನ್ನು ವಂಚಿಸಲು ಹುಸಿ ಸಿಡಿತಲೆಗಳಿರುವ ಹೊಸ ಮುಂಭಾಗವನ್ನು ಪೊಲಾರಿಸ್‌ಗೆ ಜೋಡಿಸುವುದೇ ಶೆವಲೀನ್. 1972ರ ಅಂದಾಜು 17.5 ಕೋಟಿ ಪೌಂಡ್. ಎಪ್ಪತ್ತರ ದಶಕದ ಹಣದುಬ್ಬರವೂ ವೆಚ್ಚವನ್ನು ಏರಿಸಿತು, ನಿಜ. ಆದರೆ ಏರಿಕೆಯನ್ನೆಲ್ಲ ಅದರ ತಲೆಗೆ ಕಟ್ಟುವಂತಿರಲಿಲ್ಲ. ಕನ್ಸರ್ವೇಟಿವ್ ಸರ್ಕಾರ ಆರಂಭಿಸಿದ್ದನ್ನು ಲೇಬರ್ ಸರ್ಕಾರ ಮುಂದುವರಿಸಿತು. ಹೊಸ ತಲೆಮಾರಿನ ಅಣ್ವಸ್ತ್ರ ಬೇಡವೆಂದು ಜನರಿಗೆ ಹೇಳಿದ್ದ ಪಕ್ಷವದು. ಹೀಗಾಗಿ ಹೇಳದಿರುವುದರಲ್ಲಿ ಎರಡೂ ಪಕ್ಷಗಳು ಪಾಲುದಾರರು.

ಈ ಚಾಳಿ ಹೊಸದೇನಲ್ಲ. ಮೊದಲ ಬಾಂಬಿಗಾಗಿ ಆಟ್ಲಿ ಸರ್ಕಾರ ಸುಮಾರು 10 ಕೋಟಿ ಪೌಂಡನ್ನು ಸಂಸತ್ತಿಗೆ ಬಿಡಿಸಿ ಹೇಳದೆ ಖರ್ಚು ಮಾಡಿತ್ತು. 1951ರಲ್ಲಿ ಅಧಿಕಾರಕ್ಕೆ ಮರಳಿದ ಚರ್ಚಿಲ್ ಅದನ್ನು ಕಂಡು ಬೆರಗಾದರು.

ಶೆವಲೀನ್ ಮಾತ್ರ ಹಾಗೆ ಮುಚ್ಚಿಹೋಗಲಿಲ್ಲ. ಸಾರ್ವಜನಿಕ ಲೆಕ್ಕಪತ್ರ ಸಮಿತಿ (ನಮ್ಮ ಸಂಸತ್ತಿನಲ್ಲಿರುವ ಸಮಿತಿಯ ಮೂಲ ಮಾದರಿ ಇದೇ) 1982ರಲ್ಲಿ ವರದಿ ಕೊಟ್ಟಿತು. ಇಷ್ಟು ದೊಡ್ಡ ಯೋಜನೆಯನ್ನೂ ಅದರ ವೆಚ್ಚವನ್ನೂ ಸಂಸತ್ತಿಗೆ ತಿಳಿಸದೇ ಇದ್ದದ್ದನ್ನು ಒಪ್ಪಲಾಗದು ಎಂದಿತು. ಆಯುಧ ಹೇಗೆ ಕೆಲಸ ಮಾಡುತ್ತದೆ ಎಂಬುದು ಗುಟ್ಟು, ಸರಿ. ಅದಕ್ಕೆಷ್ಟು ಖರ್ಚಾಯಿತು ಎಂಬುದೂ ಗುಟ್ಟಾದರೆ, ಕತ್ತಲಲ್ಲಿ ಉಳಿಯುವವರು ಶತ್ರುಗಳಲ್ಲ, ತೆರಿಗೆ ಕಟ್ಟುವವರು. ಆ ವರದಿಯ ಫಲವಾಗಿ ರಕ್ಷಣಾ ಇಲಾಖೆ ತನ್ನ ದೊಡ್ಡ ಯೋಜನೆಗಳ ವೆಚ್ಚ ಮತ್ತು ವಿಳಂಬದ ಲೆಕ್ಕವನ್ನು ಪ್ರತಿವರ್ಷ ಒಪ್ಪಿಸುವ ಪದ್ಧತಿ ಬಂತು.

ಪೊಲಾರಿಸ್ ಜಾಗಕ್ಕೆ ಟ್ರೈಡೆಂಟ್ ಬಂತು. ಈಗ ಟ್ರೈಡೆಂಟಿನ ಜಲಾಂತರ್ಗಾಮಿಗಳನ್ನೂ ಬದಲಿಸುವ ಕೆಲಸ ನಡೆದಿದೆ. ನಾಲ್ಕು ಹೊಸ ನೌಕೆಗಳಿಗೆ 3,100 ಕೋಟಿ ಪೌಂಡ್, ಮೇಲೆ 1,000 ಕೋಟಿ ಮೀಸಲು ಎಂದು 2015ರಲ್ಲಿ ಸರ್ಕಾರ ಬಹಿರಂಗವಾಗಿಯೇ ಹೇಳಿತು. 2016ರ ಜುಲೈ 18ರಂದು ಸದನ 472–117 ಮತಗಳಿಂದ ಒಪ್ಪಿತು.

ಆ ತೀರ್ಮಾನ ಸರಿಯೋ ತಪ್ಪೋ, ವಾದ ಇದ್ದೇ ಇದೆ. ಆದರೆ ಬೇಕು ಎಂದವರೂ ಬೇಡ ಎಂದವರೂ ಬೆಲೆ ಕೇಳಿ ಕೈ ಎತ್ತಿದರು. ಒಂದು ಮತದಿಂದ ಹೊಣೆ ಮುಗಿಯುವುದೂ ಇಲ್ಲ. ಇಂಥ ನೌಕೆ ಕಟ್ಟಲು ದಶಕಗಳು ಬೇಕು, ಅಷ್ಟರಲ್ಲಿ ಮತ ಹಾಕಿದವರಲ್ಲಿ ಅನೇಕರು ಸದನದಲ್ಲೇ ಇರುವುದಿಲ್ಲ. ಶೆವಲೀನ್ ಕಲಿಸಿದ್ದು ಇಷ್ಟು: ಲೆಕ್ಕ ಒಮ್ಮೆ ಕೇಳಿದರೆ ಸಾಲದು, ವರ್ಷ ವರ್ಷವೂ ಕೇಳಬೇಕು.