ಜಲವಿಕರ್ಷಕ ಕಾಗದ

ಸೆಲ್ಯುಲೋಸ್ ನಾರು ಸ್ವಭಾವತಃ ಜಲಪ್ರಿಯವಾದುದರಿಂದ, ಹಾಳೆಯ ಮೇಲೆ ಮಸಿ ಹರಡದಂತೆ ತಡೆಯುವುದೇ ಕಾಗದ ಮಾಡುವವರ ಪುರಾತನ ಚಿಂತೆಯಾಗಿದ್ದಿತು. 13ನೆಯ ಶತಮಾನದಲ್ಲಿ ಇಟಲಿಯ ಫಾಬ್ರಿಯಾನೋದವರು ಪ್ರಾಣಿಚರ್ಮವನ್ನು ಬೇಯಿಸಿ ತೆಗೆದ ಅಂಟಿನಲ್ಲಿ ಹಾಳೆಗಳನ್ನದ್ದಿದರು. 1807ರಲ್ಲಿ ಜರ್ಮನಿಯ ಮೊರಿಟ್ಸ್ ಇಲ್ಲಿಗ್ ರಾಳವನ್ನೂ ಪಟಿಕವನ್ನೂ ತಿರುಳಿನಲ್ಲಿಯೇ ಬೆರೆಸುವ ಕ್ರಮವನ್ನು ಪ್ರಕಟಿಸಿದನು.

ದ್ರವ ಹರಡುವುದೋ ದುಂಡಗೆ ನಿಲ್ಲುವುದೋ ಎಂಬುದನ್ನು ತಿಳಿಸುವುದು ಹನಿಯ ಅಂಚು ಮೇಲ್ಮೈಯೊಡನೆ ರಚಿಸುವ ಸ್ಪರ್ಶಕೋನ; ಅದು ದೊಡ್ಡದಾದಷ್ಟೂ ಹನಿ ದುಂಡಗಾಗುವುದು. ಈ ಕೋನದ ವಿಚಾರವನ್ನು ಥಾಮಸ್ ಯಂಗ್ 1805ರಲ್ಲಿಯೇ ನಿರೂಪಿಸಿದ್ದನು. ಒರಟುತನದಿಂದ ಆ ಕೋನ ಹೇಗೆ ಬದಲಾಗುವುದೆಂಬುದನ್ನು 1936ರಲ್ಲಿ ವೆನ್ಜೆಲ್ ವಿವರಿಸಿದನು. ಒರಟುಗಳ ನಡುವೆ ಗಾಳಿ ಸಿಕ್ಕಿಕೊಂಡಾಗ ಹನಿಯು ಭಾಗಶಃ ಘನದ ಮೇಲೂ ಭಾಗಶಃ ಗಾಳಿಯ ಮೇಲೂ ನಿಲ್ಲುವ ಬಗೆಯನ್ನು 1944ರಲ್ಲಿ ಕ್ಯಾಸಿ ಮತ್ತು ಬ್ಯಾಕ್ಸ್ಟರ್ ತಿಳಿಸಿದರು. ತಾವರೆಯೆಲೆಯ ಮೇಲೆ ನೀರು ಅಂಟದೆಂಬುದು ನಮ್ಮ ಕವಿಗಳಿಗೆ ಬಹುಕಾಲದಿಂದ ಉಪಮಾನವಾಗಿದ್ದರೂ, ಎಲೆಯ ಸೂಕ್ಷ್ಮ ಉಬ್ಬುಗಳೂ ಮೇಣವೂ ಕೂಡಿ ಅದನ್ನು ಸಾಧಿಸುವ ಪರಿಯನ್ನು ಬಾರ್ತ್‌ಲಾಟ್ ಮತ್ತು ನೈನ್‌ಹುಯಿಸ್ 1997ರಲ್ಲಿ ಸವಿಸ್ತಾರವಾಗಿ ತೋರಿಸಿದರು.

ಆದರೆ ಹನಿ ದುಂಡಗಿದ್ದ ಮಾತ್ರಕ್ಕೆ ಉರುಳುವುದೆಂದು ಭಾವಿಸಲಾಗದು. ಓರೆಮಾಡಿದ ಹಾಳೆಯ ಮೇಲಿನ ಹನಿಯನ್ನು ಹತ್ತಿರದಿಂದ ನೋಡಿದರೆ, ಕೆಳಗಣ ಅಂಚು ಉಬ್ಬಿ ಮುಂದೊತ್ತುತ್ತದೆ, ಮೇಲಣ ಅಂಚು ಚಪ್ಪಟೆಯಾಗಿ ನಾರುಗಳನ್ನು ಬಿಡಲೊಲ್ಲದೆ ಹಿಡಿದಿರುತ್ತದೆ. ಈ ಎರಡು ಅಂಚುಗಳ ಕೋನಾಂತರವೇ ಅಂಟುವಿಕೆಯ ನಿಜವಾದ ಅಳತೆ. ಈ ಅಳತೆಯನ್ನೇ ಕೈವಶ ಮಾಡಿಕೊಂಡದ್ದು ಅಮೆರಿಕದ ಜಾರ್ಜಿಯಾ ತಾಂತ್ರಿಕ ಸಂಸ್ಥೆಯ ಬಾಲು, ಬ್ರೀಡ್ವೆಲ್ಡ್ ಮತ್ತು ಹೆಸ್ ಅವರು 2008ರಲ್ಲಿ ಪ್ರಕಟಿಸಿದ ಕಾರ್ಯದ ಹಿರಿಮೆಯೆನ್ನಬೇಕು. ಆಮ್ಲಜನಕದ ಪ್ಲಾಸ್ಮಾದಿಂದ ನಾರಿನ ಅಸ್ಫಟಿಕ ಭಾಗವನ್ನು ಕೊರೆದು, ಬಳಿಕ ಪೆಂಟಾಫ್ಲೋರೋಈಥೇನ್ ಅನಿಲದ ಪ್ಲಾಸ್ಮಾದಿಂದ ಅತಿ ತೆಳುವಾದ ಫ್ಲೋರಿನ್‌ಯುಕ್ತ ಪೊರೆಯನ್ನು ಅವರು ಹೊದಿಸಿದರು. ಸಾಕಷ್ಟು ಹೊತ್ತು ಕೊರೆದ ಹಾಳೆಯಲ್ಲಿ ಕೋನಾಂತರ ಕೇವಲ 3.4 ಡಿಗ್ರಿಯಾಗಿ, ಹನಿ ತಡವಿಲ್ಲದೆ ಉರುಳಿಹೋಯಿತು. ಕೊರೆತ ಸಾಲದ ಹಾಳೆಯಲ್ಲಿ ಅದು 79.1 ಡಿಗ್ರಿಗೇರಿ, ಸ್ಪರ್ಶಕೋನ ಸುಮಾರು 145 ಡಿಗ್ರಿಯಷ್ಟು ದೊಡ್ಡದಾಗಿದ್ದರೂ ಹನಿ ಕಚ್ಚಿಕೊಂಡು ನಿಂತಿತು. ಹೊದಿಕೆ ಒಂದೇ, ಕೊರೆದ ಕಾಲದಿಂದ ನಾರಿನ ಮೈಮೇಲೆ ಮೂಡಿದ ಒರಟು ಮಾತ್ರ ಬೇರೆ.

ಮರುವರ್ಷ ಅದೇ ತಂಡದವರು ಉರುಳಿಸುವ ಹಾಳೆಯ ಮೇಲೆ ಮುದ್ರಣಯಂತ್ರದಿಂದ ಮಸಿಯ ಚುಕ್ಕಿಗೆರೆಗಳನ್ನು ಅಚ್ಚೊತ್ತಿದರು. ಸುತ್ತಲೂ ಜಾರುವ ಹನಿ ಮಸಿಯ ಚುಕ್ಕಿಯನ್ನು ಮುಟ್ಟಿದೊಡನೆ ಅಲ್ಲಿಯೇ ಸಿಕ್ಕಿ ನಿಲ್ಲುವುದು. ಗೆರೆಯ ಜಾಡಿನಲ್ಲಿ ಸಾಗಿಬಂದ ಇನ್ನೊಂದು ಹನಿ ಅದರೊಡನೆ ಬೆರೆಯುವುದು. ಪಂಪಾಗಲಿ ಕೊಳವೆಯಾಗಲಿ ಇಲ್ಲದೆ, ಕಾಗದದ ತುಂಡೊಂದರ ಮೇಲೆಯೇ ದ್ರವಗಳನ್ನು ಸಾಗಿಸಿ ಕೂಡಿಸುವ ಪರೀಕ್ಷಾಫಲಕಕ್ಕೆ ಹೀಗೆ ದಾರಿಯಾಯಿತು.