ವಾಹನವೂ ಅದರ ಮಾರ್ಪಾಡೂ

ಯಾದಗಿರಿಯ ಪೇಟೆಯಲ್ಲಿಯೋ ಶಹಾಪುರದ ಬಸ್ ನಿಲ್ದಾಣದ ಬಳಿಯಲ್ಲಿಯೋ ತಾವು ಒಂದು ಸಂಜೆ ನಿಂತಿದ್ದರೆ, ಮೂಲದ ಸೈಲೆನ್ಸರನ್ನು ಕಿತ್ತು ಬೇರೊಂದನ್ನು ಜೋಡಿಸಿದ ಮೋಟಾರ್ ಸೈಕಲ್ಲು ಗುಂಡು ಹಾರಿಸಿದಂತೆ ಸದ್ದು ಮಾಡುತ್ತ ಹೋಗುವುದನ್ನು ಕೇಳಿಯೇ ಇರುವಿರಿ. "ಈಗಿನ ಹುಡುಗರೇ ಹೀಗೆ" ಎಂದು ಹಿರಿಯರು ಗೊಣಗುವುದು ಸಹಜ. ಆದರೆ ಕೊಂಡ ವಾಹನವನ್ನು ಇದ್ದಂತೆ ಇರಗೊಡದ ಬುದ್ಧಿ ಇಂದು ನಿನ್ನೆಯದಲ್ಲ. ಅದರ ಚರಿತ್ರೆಯನ್ನು ಅರಿತರೆ, ಯಾವ ಮಾರ್ಪಾಡನ್ನು ಮೆಚ್ಚಬೇಕು, ಯಾವುದನ್ನು ತಡೆಯಬೇಕು ಎಂಬ ವಿವೇಕವು ದೊರೆಯುತ್ತದೆ.

ಮೊದಲು ನಮ್ಮ ಎತ್ತಿನ ಬಂಡಿಯನ್ನೇ ನೋಡಿರಿ. ಸುರಪುರ, ಶಹಾಪುರಗಳದು ಬಹುಮಟ್ಟಿಗೆ ಎರೆಭೂಮಿ. ಮಳೆ ಬಿದ್ದರೆ ಗಾಲಿ ಹೂಳುವ ನೆಲ. ಎತ್ತರದ ಮರದ ಗಾಲಿ, ಅದರ ಸುತ್ತ ಕಬ್ಬಿಣದ ಹಳಿ, ಇವು ಬಡಿಗನೂ ಕಮ್ಮಾರನೂ ನೆಲವನ್ನು ನೋಡಿ ನಿಶ್ಚಯಿಸಿದ ಅಳತೆಗಳು. 1871ರಲ್ಲಿ ರಾಯಚೂರಿನವರೆಗೆ ರೈಲುದಾರಿಯು ಪೂರ್ಣಗೊಂಡ ಮೇಲೆ ಯಾದಗಿರಿ ನಿಲ್ದಾಣದ ಕಡೆಗೆ ಸರಕು ಹೊತ್ತು ನಡೆದವು ಇಂಥ ಬಂಡಿಗಳೇ. ಇಪ್ಪತ್ತನೆಯ ಶತಮಾನದಲ್ಲಿ ಗಾಳಿ ತುಂಬಿದ ರಬ್ಬರಿನ ಗಾಲಿ ಬಂತು. ಗಟ್ಟಿ ರಸ್ತೆಯಲ್ಲಿ ಎಳೆತ ಹಗುರವಾಯಿತು. ಆದರೆ ಹಗುರವಾಯಿತೆಂದು ಒಡೆಯನು ಹೇರನ್ನು ಹೆಚ್ಚಿಸಿದನು. ಬ್ರೇಕಿಲ್ಲದ ಬಂಡಿಯು ಇಳಿಜಾರಿನಲ್ಲಿ ಎತ್ತುಗಳ ಕೊರಳ ಮೇಲೆಯೇ ಬರತೊಡಗಿತು. ಒಂದು ಅಂಗವನ್ನು ಬದಲಿಸಿದರೆ ಉಳಿದ ಅಂಗಗಳ ಲೆಕ್ಕವೂ ಬದಲಾಗುವುದೆಂಬ ಮೊದಲ ಪಾಠವನ್ನು ಮೂಕಪ್ರಾಣಿಗಳು ನಮಗೆ ಕಲಿಸಿದುವು.

ಎರಡನೆಯ ಪಾಠ ಬಸ್ಸಿನದು. ನಮ್ಮ ಈ ಪ್ರದೇಶವು 1956ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ, ಬಳಿಕ ಅದೇ ಹೆಸರಿನ ರಾಜ್ಯಕ್ಕೆ ಸೇರಿತ್ತಷ್ಟೆ. ನಿಜಾಮ್ ರೈಲ್ವೆಯು 1932ರಲ್ಲಿ 27 ಬಸ್ಸುಗಳೊಡನೆ ಸಾರಿಗೆ ಸೇವೆಯನ್ನು ಆರಂಭಿಸಿತು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಅಭಾವವಾದಾಗ, ಹಳೆಯ ಮೈಸೂರು ಸೀಮೆಯೂ ಸೇರಿ ಭಾರತದ ಅನೇಕ ಕಡೆ ಬಸ್ಸುಗಳಿಗೆ ಇದ್ದಿಲ ಒಲೆಯ ಉರುಳೆಯನ್ನು ಜೋಡಿಸಿದರು. ಸಾಕಷ್ಟು ಗಾಳಿಯಿಲ್ಲದೆ ಉರಿದ ಇದ್ದಿಲಿನಿಂದ ಹೊರಡುವ ಅನಿಲವನ್ನು ತಣಿಸಿ, ಸೋಸಿ, ಎಂಜಿನಿಗೆ ಊಡಿಸುವುದು ಅದರ ಕ್ರಮ. ಶಕ್ತಿಯು ಬಹಳ ಕುಗ್ಗುತ್ತಿತ್ತು; ಏರು ಬಂದಲ್ಲಿ ಪ್ರಯಾಣಿಕರು ಇಳಿದು ನೂಕಬೇಕಾಗುತ್ತಿತ್ತು. ಆದರೂ ಜನರು ಊರು ಸೇರಿದರು. ಇದು ಆವಶ್ಯಕತೆಯ ಮಾರ್ಪಾಡು.

ಮೂರನೆಯದು ಜಾವಾ. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ಜೆಕೊಸ್ಲೊವಾಕಿಯದ ಮಾದರಿಯ ಮೋಟಾರ್ ಸೈಕಲ್ಲುಗಳನ್ನು ತಯಾರಿಸತೊಡಗಿತು. ಅವೇ ಮುಂದೆ ಯೆಜ್ದಿ ಎನಿಸಿ, 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೂ ಊರೂರುಗಳಲ್ಲಿ ಓಡಿದುವು. ಅವು ಎರಡು ಹೊಡೆತದ ಎಂಜಿನುಗಳು. ಇಂಥ ಎಂಜಿನಿನಲ್ಲಿ ಹೊಗೆಯ ನಳಿಗೆಯು ಸದ್ದನ್ನು ತಗ್ಗಿಸುವುದಲ್ಲದೆ, ಒತ್ತಡದ ಅಲೆಯನ್ನು ಹಿಂದಕ್ಕೆ ಕಳುಹಿ, ಹೊಸ ಇಂಧನವು ಉರಿಯದೆ ಹೊರಗೆ ಸೋರದಂತೆ ಕಾಯುತ್ತದೆ. ಒಳಗಿನದನ್ನು ಕಿತ್ತೊಗೆದವನಿಗೆ ಅಬ್ಬರವು ಹೆಚ್ಚುತ್ತದೆ. ಬಲವು ಕುಗ್ಗುವುದೂ ಉಂಟು. ಸದ್ದೇ ಶಕ್ತಿಯೆಂದು ಬಗೆದವನು ಹೀಗೆ ಮೋಸಹೋಗುತ್ತಾನೆ.

ಈಗ ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯು ತಯಾರಕರು ಸೂಚಿಸಿದ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ತಪ್ಪಿತಸ್ಥ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಆದರೆ ಅಂಗವಿಕಲರ ಅನುಕೂಲಕ್ಕಾಗಿ ನಿಯಮದಂತೆ ವಾಹನವನ್ನು ಮಾರ್ಪಡಿಸಲು ಅದೇ ಕಾಯಿದೆಯು ಎಡೆಗೊಟ್ಟಿದೆ. ನಡೆಯಲಾರದವನಿಗೆ ನಡಿಗೆಯನ್ನು ಕೊಡುವ ಮಾರ್ಪಾಡಿಗೆ ದಾರಿಯುಂಟು; ಮಲಗಿದ ರೋಗಿಯನ್ನು ಬೆಚ್ಚಿಬೀಳಿಸುವ ಮಾರ್ಪಾಡಿಗೆ ಇಲ್ಲ.

ಆದುದರಿಂದ ತಮ್ಮ ಮನೆಯ ಹುಡುಗನು ಹೊಸ ಗಾಡಿಗೆ ಹೊಸ ನಳಿಗೆ ಬೇಕೆಂದು ಹಟ ಹಿಡಿದರೆ ಬರಿದೆ ಗದರಿಸಬೇಡಿರಿ. ಇದ್ದಿಲ ಬಸ್ಸಿನ ಕಥೆಯನ್ನು ಹೇಳಿರಿ. ಬ್ರೇಕಿಲ್ಲದ ಬಂಡಿಯ ಕಥೆಯನ್ನೂ ಹೇಳಿರಿ. ಬಳಿಕ ಒಂದೇ ಪ್ರಶ್ನೆ ಕೇಳಿರಿ: "ಈ ಮಾರ್ಪಾಡಿನ ಹೊರೆ ಯಾರ ಕೊರಳ ಮೇಲೆ ಬೀಳುತ್ತದೆ?"