ಅಕ್ಷರದಿಂದ ಧ್ವನಿಯವರೆಗೆ: ವಿದ್ಯಾಸಂಸ್ಥೆ–ಉದ್ಯಮಗಳ ಜಂಟಿ ಹಾದಿ

ಬೆಂಗಳೂರಿನ ಹಳಬರು ಭಾರತೀಯ ವಿಜ್ಞಾನ ಸಂಸ್ಥೆಯನ್ನು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುತ್ತಾರೆ. 1909ರಲ್ಲಿ ಹುಟ್ಟಿದ ಆ ಸಂಸ್ಥೆಯ ಕನಸು ಉದ್ಯಮಿ ಜಮ್‌ಸೇಟ್‌ಜಿ ಟಾಟಾ ಅವರದು; ಅದು ನೆಲೆನಿಂತ 371 ಎಕರೆ ಜಾಗ ಮೈಸೂರು ಸಂಸ್ಥಾನದ ಕೊಡುಗೆ. ಉದ್ಯಮದ ಹಣ, ಸರ್ಕಾರದ ನೆಲ, ವಿದ್ವಾಂಸರ ಬುದ್ಧಿ ಒಂದೆಡೆ ಕೂಡುವುದು ನಮ್ಮ ನಾಡಿಗೆ ನಿನ್ನೆ ಮೊನ್ನೆಯ ಸಂಗತಿಯಲ್ಲ. ಆದರೆ ಈ ಕೂಟ ಜನರ ಭಾಷೆ ಮತ್ತು ಮಾಧ್ಯಮಗಳ ಕಡೆ ಮುಖ ಮಾಡಿದ್ದು ತಡವಾಗಿ, ಸುಮಾರು ಕಳೆದ ಐದು ದಶಕಗಳಲ್ಲಿ. ಈ ಅವಧಿಯ ಯಾವ ಯೋಜನೆಯನ್ನು ಕೈಗೆತ್ತಿಕೊಂಡು ನೋಡಿದರೂ ಕೇಳಲೇಬೇಕಾದ ಒಂದು ಪ್ರಶ್ನೆಯಿದೆ: ಹಣ ಮುಗಿದು, ಒಪ್ಪಂದದ ಅವಧಿ ತೀರಿದ ಮೇಲೆ ಜನರ ಕೈಯಲ್ಲಿ ಉಳಿದದ್ದೇನು?

ಮೊದಲ ಗಟ್ಟಿ ಉತ್ತರ ಬಂದದ್ದು ಕಾನ್ಪುರದಿಂದ. 1970ರ ದಶಕದಲ್ಲಿ ಅಲ್ಲಿನ ಐಐಟಿಯಲ್ಲಿ ಆರ್.ಎಂ.ಕೆ. ಸಿನ್ಹಾ ಮತ್ತು ಅವರ ಸಂಗಡಿಗರು ದೇವನಾಗರಿಯನ್ನು ಕಂಪ್ಯೂಟರಿಗೆ ಒಗ್ಗಿಸುವ ಕೆಲಸಕ್ಕಿಳಿದರು. ಬ್ರಾಹ್ಮಿಯಿಂದ ಬಂದ ನಮ್ಮ ಲಿಪಿಗಳ ರೂಪ ಬೇರೆಬೇರೆಯಾದರೂ ವರ್ಣಮಾಲೆಯ ಕ್ರಮ ಹೆಚ್ಚುಕಡಿಮೆ ಒಂದೇ. ಒಳಗೆ ಅಕ್ಷರಗಳನ್ನು ಒಂದೇ ಕ್ರಮದಲ್ಲಿ ಸಂಗ್ರಹಿಸಿ, ಪರದೆಯ ಮೇಲೆ ಬೇಕಾದ ಲಿಪಿಯಲ್ಲಿ ತೋರಿಸಬಹುದೆಂಬ ಆಲೋಚನೆಗೆ ಇದೇ ತಳಹದಿ. ಅದರಿಂದ ಹುಟ್ಟಿದ ಜಿಸ್ಟ್ ತಂತ್ರಜ್ಞಾನ, 1988ರಲ್ಲಿ ಪುಣೆಯಲ್ಲಿ ಆರಂಭವಾದ ಸಿ-ಡ್ಯಾಕ್‌ನ ಕೈಸೇರಿತು; ಕಂಪ್ಯೂಟರಿನೊಳಗೆ ಸಿಕ್ಕಿಸುವ ಕಾರ್ಡಿನ ರೂಪದಲ್ಲಿ ಮಾರುಕಟ್ಟೆಗೆ ಬಂತು. 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಇದೇ ಆಲೋಚನೆಯ ಅಕ್ಷರಸಂಕೇತ ವ್ಯವಸ್ಥೆಯಾದ ‘ಇಸ್ಕಿ’ಯನ್ನು ರಾಷ್ಟ್ರೀಯ ಮಾನಕವಾಗಿ ಒಪ್ಪಿತು. ಅದೇ ವರ್ಷ ಹೊರಬಂದ ಯೂನಿಕೋಡ್‌ನ ಮೊದಲ ಆವೃತ್ತಿ ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳ ಅಕ್ಷರಕ್ರಮವನ್ನು ಇಸ್ಕಿಯ 1988ರ ರೂಪದಿಂದಲೇ ಎತ್ತಿಕೊಂಡಿತು. ಜಿಸ್ಟ್ ಕಾರ್ಡನ್ನು ಇಂದು ಯಾರೂ ಬಳಸುವುದಿಲ್ಲ. ಆದರೆ ನಮ್ಮ ಮೊಬೈಲಿನಲ್ಲಿ ಸಾಗುವ ಪ್ರತಿ ಕನ್ನಡ ಸಂದೇಶದೊಳಗೂ ಆ ಕ್ರಮ ಕೂತಿದೆ. ಮಾರಿದ ವಸ್ತು ಮರೆಯಾಗಿ, ಎಲ್ಲರ ಸೊತ್ತಾದ ಮಾನಕ ಬದುಕಿತು.

ಕನ್ನಡದ ಮಟ್ಟಿಗೆ ವಿದ್ಯಾಸಂಸ್ಥೆ ಮತ್ತು ಉದ್ಯಮ ಎಂಬ ಎರಡು ಲೋಕಗಳ ನಡುವೆ ಓಡಾಡಿದವರಲ್ಲಿ ಕೆ.ಪಿ. ರಾವ್ ಅವರನ್ನು ಮೊದಲು ನೆನೆಯಬೇಕು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದು, ಅಚ್ಚಿನ ಉದ್ಯಮದ ಮೊನೊಟೈಪ್ ಕಂಪನಿಯಲ್ಲಿ ಅಕ್ಷರ ಜೋಡಣೆಯ ಒಳಹೊರಗನ್ನು ಅರಿತು, ಮುಂದೆ ಮಣಿಪಾಲದಲ್ಲಿ ಪಾಠ ಹೇಳಿದವರು ಅವರು. ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶಕ್ಕೆ ಆಧಾರವಾಯಿತು. ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಕನ್ನಡ ಟೈಪ್ ಮಾಡುವ ಬಹಳಷ್ಟು ಬೆರಳುಗಳು ಅವರ ಋಣದಲ್ಲಿವೆ.

ಹೊರಗಿನ ಜಗತ್ತಿನಲ್ಲಿ ಇದೇ ಕಾಲಕ್ಕೆ ಬೇರೊಂದು ಮಾದರಿ ಬೆಳೆಯುತ್ತಿತ್ತು. ಅಮೆರಿಕದ ಎಂಐಟಿಯಲ್ಲಿ ನಿಕೋಲಸ್ ನೆಗ್ರೊಪಾಂಟೆ ಮತ್ತು ಜೆರೋಮ್ ವೀಸ್ನರ್ ಕಟ್ಟಿದ ಮೀಡಿಯಾ ಲ್ಯಾಬ್ 1985ರಲ್ಲಿ ಬಾಗಿಲು ತೆರೆಯಿತು. ಕಂಪನಿಗಳು ವರ್ಷಕ್ಕಿಷ್ಟು ಎಂದು ಸದಸ್ಯತ್ವದ ಹಣ ಕಟ್ಟುತ್ತವೆ. ಆ ಅವಧಿಯಲ್ಲಿ ಅಲ್ಲಿ ಹುಟ್ಟುವ ಆವಿಷ್ಕಾರಗಳನ್ನು ಬಳಸುವ ಹಕ್ಕು ಸದಸ್ಯರಿಗೆಲ್ಲ ಸಿಗುತ್ತದೆ. ಕಿಂಡಲ್‌ನ ಪರದೆಗೆ ಜೀವ ಕೊಟ್ಟ ಇ-ಇಂಕ್ ಕಂಪನಿ 1997ರಲ್ಲಿ ಅಲ್ಲಿಂದಲೇ ಹೊರಬಂತು. ಅಲ್ಲಿನ ಪ್ರಾಧ್ಯಾಪಕ ಸೆಮೋರ್ ಪ್ಯಾಪರ್ಟ್ ಅವರ ಚಿಂತನೆ ಮತ್ತು ಲೆಗೊ ಕಂಪನಿಯ ಹಣ ಕೂಡಿದ್ದರಿಂದ ಮಕ್ಕಳ ರೋಬಾಟ್ ಕಿಟ್ ಮೈಂಡ್‌ಸ್ಟಾರ್ಮ್ಸ್ 1998ರಲ್ಲಿ ಬಂತು. ದೊಡ್ಡವರ ಹಣದ ನೆರಳೂ ಅಲ್ಲಿ ಬಿತ್ತು: ಲೈಂಗಿಕ ಅಪರಾಧಿ ಜೆಫ್ರಿ ಎಪ್‌ಸ್ಟೀನ್‌ನಿಂದ ದೇಣಿಗೆ ಪಡೆದದ್ದು ಬಯಲಾಗಿ 2019ರಲ್ಲಿ ನಿರ್ದೇಶಕ ಜೋಯಿ ಇಟೊ ರಾಜೀನಾಮೆ ಕೊಡಬೇಕಾಯಿತು.

ಆ ಮಾದರಿಯನ್ನು ಇಲ್ಲಿಗೆ ತರುವ ಯತ್ನವೂ ನಡೆಯಿತು. 2001ರಲ್ಲಿ ಭಾರತ ಸರ್ಕಾರ ಎಂಐಟಿಯೊಡನೆ ಸೇರಿ ‘ಮೀಡಿಯಾ ಲ್ಯಾಬ್ ಏಷ್ಯಾ’ ಆರಂಭಿಸಿತು. ಎರಡೇ ವರ್ಷಕ್ಕೆ, 2003ರಲ್ಲಿ ಆ ನಂಟು ಕಡಿದುಬಿತ್ತು. ಉಳಿದ ಸಂಸ್ಥೆ ಸರ್ಕಾರದ ಅಡಿಯಲ್ಲೇ ಮುಂದುವರಿದು ಈಗ ಡಿಜಿಟಲ್ ಇಂಡಿಯಾ ಕಾರ್ಪೊರೇಷನ್ ಆಗಿದೆ. ಹೊರಗಿನ ಹೆಸರನ್ನು ತಂದಷ್ಟು ಸುಲಭವಾಗಿ ಅದರ ಹಿಂದಿನ ಕಂಪನಿಗಳ ಒಕ್ಕೂಟವನ್ನು ತರಲಾಗದು. ನನ್ನ ಮಟ್ಟಿಗೆ ಆ ಸೋಲಿಗೆ ಇದೇ ಮುಖ್ಯ ಕಾರಣ.

ಸಿಂಪ್ಯೂಟರಿನ ಕಥೆ ಹಾಗಲ್ಲ. ಅದು ಬೆಂಗಳೂರಿನಲ್ಲೇ ಹುಟ್ಟಿದ್ದು. ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್ ಮತ್ತು ರಮೇಶ್ ಹರಿಹರನ್ ಎಂಬ ನಾಲ್ವರು ಪ್ರಾಧ್ಯಾಪಕರು ವಿನಯ್ ದೇಶಪಾಂಡೆ ಅವರ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರುಗಳ ಜೊತೆಗೂಡಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2001ರ ಏಪ್ರಿಲ್‌ನಲ್ಲಿ ಮೊದಲ ಮಾದರಿ ಹೊರಬಂತು: ಅಂಗೈಯಲ್ಲಿ ಹಿಡಿಯುವ, ಸ್ಪರ್ಶಪರದೆಯ, ಲಿನಕ್ಸ್‌ನಲ್ಲಿ ಓಡುವ, ಭಾರತೀಯ ಭಾಷೆಗಳಲ್ಲಿ ಓದಿ ಹೇಳಬಲ್ಲ ಯಂತ್ರ. ಒಬ್ಬೊಬ್ಬರಿಗೆ ಒಂದೊಂದು ಕೊಳ್ಳಲಾಗದ ಊರಿನಲ್ಲಿ ಒಂದೇ ಯಂತ್ರವನ್ನು ಹಲವರು ಬಳಸಲೆಂದು ಸ್ಮಾರ್ಟ್ ಕಾರ್ಡ್ ಇಟ್ಟಿದ್ದರು. ಕಾರ್ಡ್ ನಿಮ್ಮದು, ಯಂತ್ರ ಊರಿನದು. 2004ರಲ್ಲಿ ಪ್ರಾಧ್ಯಾಪಕರ ಪಿಕೊಪೆಟಾ ಕಂಪನಿ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಸೇರಿ ಮಾರುಕಟ್ಟೆಗೆ ತಂದ ‘ಅಮಿಡಾ’ದಲ್ಲಿ ಕೈಯ ಚಲನೆಯನ್ನು ಗುರುತಿಸುವ ಸಂವೇದಕವಿತ್ತು. ಐಫೋನ್ ಬರಲು ಇನ್ನೂ ಮೂರು ವರ್ಷ ಬಾಕಿಯಿದ್ದ ಕಾಲ ಅದು.

ಮಾರಾಟವಾದದ್ದು ಕೆಲವೇ ಸಾವಿರ. ದೊಡ್ಡ ಸರ್ಕಾರಿ ಖರೀದಿ ಕೂಡಿಬರಲಿಲ್ಲ, ಬಿಡಿಭಾಗಗಳ ಉದ್ಯಮ ಇಲ್ಲಿ ಬೆಳೆದಿರಲಿಲ್ಲ, ಅಷ್ಟರಲ್ಲಿ ಅಗ್ಗದ ಮೊಬೈಲುಗಳು ಹಳ್ಳಿಗೂ ಬಂದವು. ಹಾಗೆಂದು ಸಿಂಪ್ಯೂಟರನ್ನು ಸೋಲಿನ ಪಟ್ಟಿಗೆ ಸೇರಿಸಿ ಕೈತೊಳೆದುಕೊಳ್ಳುವುದು ಅನ್ಯಾಯ. ಟ್ರಸ್ಟ್ ತನ್ನ ಯಂತ್ರದ ವಿನ್ಯಾಸವನ್ನೇ ಸಾರ್ವಜನಿಕ ಪರವಾನಗಿಯಡಿ ಇಟ್ಟಿತ್ತು; ಅದನ್ನು ಸುಧಾರಿಸಿದವರು ಸುಧಾರಣೆಯನ್ನು ಟ್ರಸ್ಟ್‌ಗೆ ಮರಳಿಸಬೇಕೆಂಬ ಕರಾರಿತ್ತು. ಯಂತ್ರಾಂಶಕ್ಕೆ ಇಂಥ ಪರವಾನಗಿ ಬರೆದದ್ದು ಆ ಕಾಲಕ್ಕೆ ಎದೆಗಾರಿಕೆಯ ಕೆಲಸ. ಸಿಂಪ್ಯೂಟರಿಗಾಗಿ ರಮೇಶ್ ಹರಿಹರನ್ ಆರಂಭಿಸಿದ ‘ಧ್ವನಿ’ ಎಂಬ ಪಠ್ಯವಾಚಕ ತಂತ್ರಾಂಶ ಯಂತ್ರ ಮರೆಯಾದ ಮೇಲೂ ಸಾಯಲಿಲ್ಲ. ಮುಕ್ತವಾಗಿದ್ದ ಕಾರಣ ತಂತ್ರಜ್ಞ ಸಂತೋಷ್ ತೋಟ್ಟಿಂಗಲ್ ಅದನ್ನು ಎತ್ತಿಕೊಂಡು ಇನ್ನಷ್ಟು ಭಾಷೆಗಳಿಗೆ ಬೆಳೆಸಿದರು. ಆ ನಾಲ್ವರು ಪ್ರಾಧ್ಯಾಪಕರು 2000ದಲ್ಲಿ ಸ್ಟ್ರ್ಯಾಂಡ್ ಎಂಬ ಜೈವಿಕ ಮಾಹಿತಿ ಕಂಪನಿಯನ್ನೂ ಕಟ್ಟಿದರು. ಪಾಠ ಹೇಳುತ್ತಲೇ ಕಂಪನಿ ನಡೆಸಬಹುದೆಂಬುದನ್ನು ಕಣ್ಣೆದುರು ತೋರಿಸಿದವರು ಅವರು.

ಮುಂದಿನ ವರ್ಷಗಳಲ್ಲಿ ಬಹುರಾಷ್ಟ್ರೀಯ ಕಂಪನಿಗಳು ಸಂಶೋಧನಾಲಯಗಳನ್ನೇ ಬೆಂಗಳೂರಿಗೆ ತಂದವು. ಎಚ್‌ಪಿ ಲ್ಯಾಬ್ಸ್ 2002ರಲ್ಲಿ, ಮೈಕ್ರೋಸಾಫ್ಟ್ ರಿಸರ್ಚ್ 2005ರಲ್ಲಿ. ಇತ್ತ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ಅಚ್ಚಾದ ಕನ್ನಡ ಪುಟವನ್ನು ಓದುವ, ಓದಿದ್ದನ್ನು ನುಡಿಯುವ ತಂತ್ರಾಂಶಗಳ ಮೇಲೆ ತಾಳ್ಮೆಯಿಂದ ದುಡಿಯಿತು.

ಈಗ ನಡೆಯುತ್ತಿರುವುದು ಧ್ವನಿಯ ಕಾಲ. ಯಂತ್ರಕ್ಕೆ ಮಾತು ಕಲಿಸಲು ಸಾವಿರಾರು ಗಂಟೆಗಳ ಮಾತು ಬೇಕು. ಒಂದು ವಿದ್ಯಾಸಂಸ್ಥೆಯೇ ಆಗಲಿ, ಒಂದು ಕಂಪನಿಯೇ ಆಗಲಿ ಒಂಟಿಯಾಗಿ ಅದನ್ನು ಕಲೆಹಾಕುವುದು ಕಷ್ಟ. ನಿಲೇಕಣಿ ದಂಪತಿ ಕೊಟ್ಟ 36 ಕೋಟಿ ರೂಪಾಯಿ ನೆರವಿನಿಂದ ಮದರಾಸಿನ ಐಐಟಿಯಲ್ಲಿ 2022ರಲ್ಲಿ ಎಐ4ಭಾರತ್ ಕೇಂದ್ರ ನೆಲೆಗೊಂಡಿತು. ಮರುವರ್ಷ ಅದು ಬಿಟ್ಟ ಅನುವಾದ ವ್ಯವಸ್ಥೆ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳನ್ನೂ ಒಳಗೊಂಡಿತ್ತು, ಮುಕ್ತವಾಗಿತ್ತು. ಅದೇ ತಂಡದ ಪ್ರತ್ಯೂಷ್ ಕುಮಾರ್, ವಿವೇಕ್ ರಾಘವನ್ ಜೊತೆ ಸೇರಿ ಬೆಂಗಳೂರಿನಲ್ಲಿ ಸರ್ವಂ ಎಂಬ ಎಐ ಕಂಪನಿ ತೆರೆದರು. ಇನ್ನೊಂದೆಡೆ ವಿಜ್ಞಾನ ಸಂಸ್ಥೆ ಮತ್ತು ಗೂಗಲ್ ಜೊತೆಗೂಡಿದ ‘ವಾಣಿ’ ಯೋಜನೆ ಭಾಷೆಗಳ ಪಟ್ಟಿ ಹಿಡಿದು ಹೊರಡಲಿಲ್ಲ, ಜಿಲ್ಲೆಗಳನ್ನು ಹಿಡಿದು ಹೊರಟಿತು. ಜನರಿಗೆ ಚಿತ್ರ ತೋರಿಸಿ, ಅವರವರ ಮಾತಿನಲ್ಲೇ ವಿವರಿಸಲು ಕೇಳುತ್ತದೆ. ಮೊದಲ ಹಂತದಲ್ಲಿ 80 ಜಿಲ್ಲೆಗಳ ಧ್ವನಿ ಸೇರಿತು. ಸಂಗ್ರಹ ಎಲ್ಲರಿಗೂ ತೆರೆದಿದೆ. ವಿಜ್ಞಾನ ಸಂಸ್ಥೆಯದೇ ಆದ ಪ್ರಶಾಂತ ಕುಮಾರ್ ಘೋಷ್ ಅವರ ಪ್ರಯೋಗಾಲಯದ ‘ರೆಸ್ಪಿನ್’ ಯೋಜನೆ ಕೃಷಿ ಮತ್ತು ಹಣಕಾಸಿನ ಮಾತುಗಳನ್ನು ಕನ್ನಡವೂ ಸೇರಿದ ಒಂಬತ್ತು ಭಾಷೆಗಳಲ್ಲಿ, ಉಪಭಾಷೆಗಳ ಸಮೇತ ಸಂಗ್ರಹಿಸಿತು.

ಮೈಕ್ರೋಸಾಫ್ಟ್ ರಿಸರ್ಚ್‌ನ ಅಂಗಳದಲ್ಲಿ ಮೊಳೆತು 2021ರಲ್ಲಿ ಸ್ವತಂತ್ರವಾದ ‘ಕಾರ್ಯ’ ಸಂಸ್ಥೆಯ ನಡೆಯನ್ನು ನಾನು ವಿಶೇಷವಾಗಿ ಮೆಚ್ಚುತ್ತೇನೆ. ಅದಕ್ಕಾಗಿ ಚಾಮರಾಜನಗರ ಜಿಲ್ಲೆಯ ಹಳ್ಳಿಗರು ಫೋನಿನಲ್ಲಿ ಕನ್ನಡ ವಾಕ್ಯಗಳನ್ನು ಓದಿ ಧ್ವನಿ ಕೊಟ್ಟರು. ಆ ದುಡಿಮೆಗೆ ನ್ಯಾಯವಾದ ಕೂಲಿ ಸಿಕ್ಕಿತು. ಸಂಗ್ರಹ ಮತ್ತೆ ಮಾರಾಟವಾದರೆ ಮಾತು ಕೊಟ್ಟವರಿಗೂ ಪಾಲು ಎಂಬುದು ಆ ಸಂಸ್ಥೆಯ ನಿಯಮ. ಮಾತು ಯಾರದೋ ಅದರ ಆದಾಯದಲ್ಲಿ ಅವರಿಗೂ ಹಕ್ಕಿದೆಯೆಂದು ಕರಾರಿನಲ್ಲೇ ಬರೆದ ಯೋಜನೆಗಳು ವಿರಳ.

ಇಷ್ಟೆಲ್ಲದರ ನಡುವೆ ಕಾಣದೇ ಹೋದವರು ನಮ್ಮ ಕನ್ನಡ ಅಧ್ಯಯನ ವಿಭಾಗಗಳವರು. ಕಲಬುರಗಿಯ ಮಾತಿಗೂ ಕುಂದಾಪುರದ ಮಾತಿಗೂ ಇರುವ ಅಂತರವನ್ನು, ಧಾರವಾಡದ ಕ್ರಿಯಾಪದ ಮೈಸೂರಿನಲ್ಲಿ ಹೇಗೆ ಬದಲಾಗುತ್ತದೆಂಬುದನ್ನು ದಶಕಗಳಿಂದ ದಾಖಲಿಸಿದವರು ಅವರು. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು. ಆ ಉದಾರತೆ ಉಳಿದ ವಿಶ್ವವಿದ್ಯಾಲಯಗಳಲ್ಲಿ ಹರಡಿಲ್ಲ. ಉಪಭಾಷಾ ಅಧ್ಯಯನಗಳು, ಜನಪದ ಧ್ವನಿಮುದ್ರಣಗಳು, ನಿಘಂಟಿನ ಕಾರ್ಡುಗಳು ಕಪಾಟುಗಳಲ್ಲೇ ಇವೆ. ಅವು ಹೊರಬಂದು ತಂತ್ರಜ್ಞರ ಮೇಜಿನ ಮೇಲೆ ಕೂರಬೇಕು, ಜೊತೆಗೆ ಅವನ್ನು ಬಲ್ಲ ಅಧ್ಯಾಪಕರೂ ಕೂರಬೇಕು. ಕುಲಪತಿಗಳು ಮುಂದಿನ ಒಡಂಬಡಿಕೆಗೆ ಸಹಿ ಹಾಕುವ ಮುನ್ನ ಎರಡು ಸಾಲು ಸೇರಿಸಲಿ: ಸಂಗ್ರಹವಾದ ಕನ್ನಡ ಎಲ್ಲರಿಗೂ ಮುಕ್ತವಾಗಿರಬೇಕು, ಕನ್ನಡ ವಿಭಾಗ ಆ ಕೆಲಸದ ಪಾಲುದಾರನಾಗಿರಬೇಕು.